ಬ್ರೆಕ್ಕೆಯವರ ಅಟ್ಟದ ಹುಲ್ಲು

ಮಾರ್ಲಿಸ್ ಬ್ರೆಕ್ಕೆಗೂ ಅವಳ ತಮ್ಮ ಗೇಲೆನ್‌ಗೂ ಮಾತು ನಿಂತದ್ದು ಯಾವಾಗ ಅಂತ ಕೇಳಿದರೆ ನಮ್ಮ ಕಡೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅಪ್ಪನನ್ನು ಮಣ್ಣು ಮಾಡಿದ ದಿನವೇ ಅನ್ನುವವರಿದ್ದಾರೆ. ಗೇಲೆನ್‌ನ ಹೆಂಡತಿ ಬಿಟ್ಟು ಹೋದಾಗ ಮಾರ್ಲಿಸ್ ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿ ಬಗ್ಗಿಸುತ್ತ ಎಲ್ಲರಿಗೂ ಕೇಳುವ ಹಾಗೆ "ಬುದ್ಧಿವಂತೆ" ಅಂದಳಲ್ಲ, ಆವತ್ತಿನಿಂದ ಅನ್ನುವವರೂ ಇದ್ದಾರೆ. ನನ್ನ ಪ್ರಕಾರ ಎರಡೂ ಅಲ್ಲ. ಅವರು ಚಿಕ್ಕವರಿದ್ದಾಗಲೂ ಶಾಲೆಯ ಬಸ್ಸಿನಲ್ಲಿ ಒಬ್ಬರು ಮುಂದೆ ಕೂತರೆ ಇನ್ನೊಬ್ಬರು ಹಿಂದೆ ಹೋಗಿ ಕೂರುತ್ತಿದ್ದರು. ಮಾರ್ಲಿಸ್ ನನ್ನ ತರಗತಿಯವಳು, ಆದ್ದರಿಂದ ನಾನು ಬಲ್ಲೆ.

ನಾನು ಹಾಲಿನ ಟ್ಯಾಂಕರ್ ಓಡಿಸುವವನು. ವಿಸ್ಕಾನ್ಸಿನ್ನಿನ ಈ ಗುಡ್ಡಗಳ ಮೇಲೆ ಇನ್ನೂ ದನ ಕಟ್ಟುವ ಧೈರ್ಯ ಉಳಿದಿರುವವರ ಮನೆಗಳಿಂದ ಹಾಲು ತುಂಬಿಕೊಂಡು ಚೀಸ್ ಕಾರ್ಖಾನೆಗೆ ಮುಟ್ಟಿಸುತ್ತೇನೆ. ದಿನ ಬಿಟ್ಟು ದಿನ ಮಾರ್ಲಿಸ್‌ಳ ಮನೆ. ಪೈಪು ಜೋಡಿಸಿ ಹಾಲು ಏರುವ ತನಕ ಅವಳ ಅಡುಗೆಮನೆಯಲ್ಲಿ ಒಂದು ಲೋಟ ಕಾಫಿ. ಹಾಗಾಗಿ ಆ ಮನೆಯಲ್ಲಿ ನಡೆದದ್ದರಲ್ಲಿ ಅರ್ಧ ನಾನು ಕಣ್ಣಾರೆ ಕಂಡದ್ದು, ಉಳಿದರ್ಧ ಅವರಿಬ್ಬರ ಬಾಯಿಂದಲೇ ಬೇರೆ ಬೇರೆಯಾಗಿ ಕೇಳಿದ್ದು.

ಅವರಪ್ಪ ಸಾಯುವ ಮುಂಚೆ ಹೊಲವನ್ನೆಲ್ಲ ಮಗನ ಹೆಸರಿಗೆ ಮಾಡಿದ. ಮನೆ, ಕೊಟ್ಟಿಗೆ, ದನಗಳನ್ನು ಮಗಳಿಗೆ ಕೊಟ್ಟ. ಹೊಲದವನು ದನಗಳಿಗೆ ಒಣಹುಲ್ಲು ಕೊಡಬೇಕು, ದನದವಳು ಹೊಲಕ್ಕೆ ಗೊಬ್ಬರ ಕೊಡಬೇಕು. ಹೀಗೆ ಗಂಟು ಹಾಕಿದರೆ ಮಕ್ಕಳು ದೂರವಾಗುವುದಿಲ್ಲ ಅನ್ನುವುದು ಮುದುಕನ ಎಣಿಕೆ. ದೂರವಂತೂ ಆಗಲಿಲ್ಲ. ರಸ್ತೆಯ ಈಚೆ ಅವಳು, ಆಚೆ ಅವನು. ಕಿಟಕಿಯಿಂದ ಕಿಟಕಿಗೆ ದೀಪ ಕಾಣುವಷ್ಟು ಹತ್ತಿರವಿದ್ದುಕೊಂಡೇ ಒಬ್ಬರ ಮುಖ ಒಬ್ಬರಿಗೆ ಆಗದ ಹಾಗೆ ಬದುಕಿದರು. ಒಣಗಿದ ಹುಲ್ಲು ಕೊಡಬೇಕು ಅಂತ ಮುದುಕ ಹೇಳಿದ್ದ. ಒಣಗಿದೆಯೋ ಇಲ್ಲವೋ ಅಂತ ತೀರ್ಮಾನ ಮಾಡುವವರು ಯಾರು ಅಂತ ಹೇಳಿರಲಿಲ್ಲ.

ಅದನ್ನು ಮಾರ್ಲಿಸ್ ತಾನೇ ತೀರ್ಮಾನ ಮಾಡುತ್ತಿದ್ದಳು, ಅಡುಗೆಮನೆಯ ಮೈಕ್ರೊವೇವ್ ಒಲೆಯಲ್ಲಿ.

ನಮ್ಮಲ್ಲಿ ಇದು ಹೊಸದೇನಲ್ಲ, ಅನೇಕರು ಮಾಡುತ್ತಾರೆ. ಆದರೆ ಅವಳಷ್ಟು ಪಟ್ಟಾಗಿ ಮಾಡುವವರು ಕಡಿಮೆ. ಗೇಲೆನ್ ಪೆಂಡಿ ತುಂಬಿದ ಗಾಡಿಯನ್ನು ಅಂಗಳಕ್ಕೆ ಎಳೆದು ತಂದು ಟ್ರ್ಯಾಕ್ಟರಿನ ಮೇಲೇ ಕೂತಿರುತ್ತಿದ್ದ. ಅವಳು ಡ್ರಿಲ್ಲಿಗೆ ಒಂದು ಕೊಳವೆ ಸಿಕ್ಕಿಸಿಕೊಂಡು ಬಂದು ಗಾಡಿಯ ಮೂಲೆ ಮೂಲೆಯ ಪೆಂಡಿಗಳ ಹೊಟ್ಟೆಗೆ ತೂರಿಸಿ ಒಳಗಿನ ಹುಲ್ಲನ್ನು ಎಳೆದುಕೊಳ್ಳುತ್ತಿದ್ದಳು. ಅದನ್ನು ಕತ್ತರಿಯಿಂದ ಸಣ್ಣಗೆ ಕತ್ತರಿಸಿ, ಕಾಗದದ ತಟ್ಟೆಯಲ್ಲಿ ಸರಿಯಾಗಿ ನೂರು ಗ್ರಾಂ ತೂಗಿ, ಒಲೆಯೊಳಗಿಡುತ್ತಿದ್ದಳು. ಹುಲ್ಲಿಗೆ ಕಿಡಿ ಹತ್ತದಿರಲಿ ಅಂತ ಮೂಲೆಯಲ್ಲಿ ಒಂದು ಲೋಟ ನೀರು. ಸ್ವಲ್ಪ ಹೊತ್ತು ಬಿಸಿ, ತೆಗೆದು ತೂಕ. ಕೈಯಾಡಿಸಿ ಮತ್ತೆ ಒಳಗೆ, ಮತ್ತೆ ತೂಕ. ಎಷ್ಟು ಸಲ ಇಟ್ಟರೂ ತೂಕ ಇಳಿಯುವುದಿಲ್ಲ ಅನ್ನುವಾಗ ನಿಲ್ಲಿಸುವುದು. ನೂರರಲ್ಲಿ ಕಳೆದುಹೋದದ್ದೆಷ್ಟೋ ಅಷ್ಟು ನೀರು. ಎಂಬತ್ತೈದು ಉಳಿದರೆ ಹುಲ್ಲಿನ ತೇವ ಹದಿನೈದು. ಹದಿನೆಂಟರವರೆಗೆ ಅವಳು ಅಟ್ಟಕ್ಕೆ ಬಿಡುತ್ತಿದ್ದಳು. ಅದರ ಮೇಲಾದರೆ ಇಲ್ಲ.

ಆಮೇಲೆ ಮೆಟ್ಟಿಲ ಮೇಲೆ ನಿಂತು ಅಂಕೆಯನ್ನು ಹೇಳುವಳು. ಅವನಿಗಲ್ಲ, ಅಂಗಳಕ್ಕೆ. "ಹದಿನಾರು" ಅಂದರೆ ಅವನು ಇಳಿದು ಪೆಂಡಿಗಳನ್ನು ಅಟ್ಟಕ್ಕೇರಿಸುವ ಸರಪಳಿ ಯಂತ್ರ ಚಾಲೂ ಮಾಡುವನು. "ಇಪ್ಪತ್ತೊಂದು" ಅಂದರೆ ಟ್ರ್ಯಾಕ್ಟರ್ ತಿರುಗಿಸುವನು, ತಿರುಗಿಸುವಾಗ ಅವಳ ಹೂವಿನ ಪಾತಿಯ ಅಂಚಿಗೆ ಚಕ್ರ ಹತ್ತಿಸದೆ ಹೋಗುವವನಲ್ಲ. ಇಷ್ಟೇ ಅವರಿಬ್ಬರ ನಡುವಿನ ಮಾತುಕತೆ.

ಶುಕ್ರವಾರ ಸಂಜೆ ಮೀನು ತಿನ್ನಲು ಸೇರುವ ಕಡೆ ಗೇಲೆನ್ ಇದನ್ನೇ ಹೇಳಿಕೊಂಡು ನಗಿಸುತ್ತಿದ್ದ. ನಮ್ಮಕ್ಕ ಹುಲ್ಲು ಬೇಯಿಸಿಕೊಂಡು ತಿಂತಾಳೆ, ಅದಕ್ಕೇ ಅವಳಿಗೆ ಮದುವೆಯಾಗಲಿಲ್ಲ, ಅನ್ನುತ್ತಿದ್ದ. ಈ ಮಾತು ಅವಳ ಕಿವಿಗೂ ಬಿದ್ದಿತ್ತು. ಅವಳು ನನ್ನ ಹತ್ತಿರ ಅಂದದ್ದು ಒಂದೇ: ಅವನು ಮದುವೆಯಾಗಿ ಏನು ಕಂಡ.

ಅವಳ ಭಯ ಬರೀ ಹಟದ ಭಯವಲ್ಲ. ಚಿಕ್ಕಪ್ಪನ ಕೊಟ್ಟಿಗೆ ಹಸಿ ಹುಲ್ಲಿನಿಂದ ಸುಟ್ಟುಹೋದಾಗ ಅವಳು ಅಲ್ಲಿದ್ದಳು. ಹಸಿ ಇರುವಾಗ ಕಟ್ಟಿ ಒತ್ತಿಟ್ಟ ಹುಲ್ಲು ಒಳಗೊಳಗೇ ಕಾಯುತ್ತದೆ, ಯಾರೂ ಕಡ್ಡಿ ಗೀರಬೇಕಿಲ್ಲ. ಆ ದನಗಳು ಕೂಗಿದ್ದನ್ನು ಅವಳು ಯಾರಿಗೂ ವರ್ಣಿಸಿದ್ದಿಲ್ಲ. ಒಬ್ಬ ಪಾದ್ರಿ ಒತ್ತಾಯ ಮಾಡಿ ಕೇಳಿದಾಗ ಎದ್ದು ಹೋದಳಂತೆ.

ಇಷ್ಟರ ಮೇಲೆ ಮರಗಳ ವಿಷಯ ಬಂತು. ರಸ್ತೆಯಾಚೆ ಗೇಲೆನ್‌ನ ಹೊಲದ ಬದುವಿನಲ್ಲಿ ಅವರಮ್ಮ ಸಾಲಾಗಿ ನೆಟ್ಟಿದ್ದ ಸ್ಪ್ರೂಸ್ ಮರಗಳಿದ್ದವು. ಚಳಿಗಾಲದ ಗಾಳಿ ನೇರವಾಗಿ ಮಾರ್ಲಿಸ್‌ಳ ಮನೆಗೆ ಬಡಿಯದಂತೆ ತಡೆಯುತ್ತಿದ್ದದ್ದು ಅವೇ. ಆ ವರ್ಷ ಜೂನಿನಲ್ಲಿ ಗೇಲೆನ್ ಆಳು ಕರೆಸಿ ಒಂದೇ ಬೆಳಿಗ್ಗೆ ಎಲ್ಲವನ್ನೂ ಉರುಳಿಸಿದ. ಹೊಲ ಅವನದು, ಮರ ಅವನದು, ಕೇಳುವ ಹಕ್ಕು ಯಾರಿಗೂ ಇರಲಿಲ್ಲ. ನಾನು ಹಾಲಿಗೆ ಹೋದಾಗ ಮಾರ್ಲಿಸ್ ಕಿಟಕಿಯ ಬಳಿ ನಿಂತಿದ್ದಳು. ಆ ದಿನ ಕಾಫಿ ಬಗ್ಗಿಸಿದಳು, ನನ್ನ ಲೋಟ ತುಂಬಿ ಹರಿದರೂ ಅವಳ ಕೈ ನಿಲ್ಲಲಿಲ್ಲ.

ಅದೇ ವಾರ ಗೇಲೆನ್ ಮೊದಲ ಕೊಯ್ಲಿನ ಕೊನೆಯ ಗಾಡಿ ತಂದ. ಬಿಸಿಲು ಚೆನ್ನಾಗಿತ್ತು, ಹುಲ್ಲು ಗರಿಗರಿಯಾಗಿತ್ತು. ಮಾರ್ಲಿಸ್ ಎಂದಿನಂತೆ ಕೊಳವೆ ತೂರಿಸಿ, ಒಳಗೆ ಹೋಗಿ, ಹೊರಗೆ ಬಂದು "ಇಪ್ಪತ್ತಮೂರು" ಅಂದಳು.

ಅವನು ತಿರುಗಿಸಿಕೊಂಡು ಹೋದ. ಆ ಹುಲ್ಲನ್ನು ನದಿಯ ಕಡೆ ಕುದುರೆ ಸಾಕುವ ಶೆರ್ರಿ ಅನ್ನುವ ಹೆಂಗಸಿಗೆ, ಸ್ವಲ್ಪ ಹಸಿಯಿದೆ ಅಂತ ತಾನೇ ಹೇಳಿ, ಸಿಕ್ಕಿದ ಬೆಲೆಗೆ ಕೊಟ್ಟ. ಶೆರ್ರಿಯ ಮನೆಯಲ್ಲೂ ಮೈಕ್ರೊವೇವ್ ಇತ್ತು. ಎರಡು ದಿನ ಬಿಟ್ಟು ಅವಳು ಫೋನ್ ಮಾಡಿ, ಹದಿನೈದು ಕೂಡ ಬರಲಿಲ್ಲವಲ್ಲ, ಇಂಥ ಹುಲ್ಲನ್ನು ಹಸಿ ಅನ್ನುತ್ತೀಯಲ್ಲ, ಇನ್ನೂ ಇದ್ದರೆ ಕೊಡು ಅಂತ ನಕ್ಕಳಂತೆ.

ಗೇಲೆನ್ ಅವತ್ತೇ ರಸ್ತೆ ದಾಟಿ ಬಂದ. ಆಗ ನಾನು ಹಾಲಿನ ಕೋಣೆಯಲ್ಲಿ ಪೈಪು ಬಿಚ್ಚುತ್ತಿದ್ದೆ. ಬಾಗಿಲು ತೆರೆದೇ ಇತ್ತು. ವರ್ಷಗಳ ಮೇಲೆ ಅವನು ಅವಳ ಮುಖ ನೋಡಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಸುಳ್ಳು ಹೇಳಿದ್ದು ನಿನ್ನ ಡಬ್ಬವಾ, ನೀನಾ?"

"ನಾನೇ," ಅಂದಳು ಮಾರ್ಲಿಸ್. ಬಕೆಟ್ ತೊಳೆಯುವುದನ್ನೂ ನಿಲ್ಲಿಸಲಿಲ್ಲ.

ಅವನು ಇನ್ನೇನೋ ಜಗಳಕ್ಕೆ ತಯಾರಾಗಿ ಬಂದಿದ್ದ ಅಂತ ಕಾಣುತ್ತದೆ. ಇಷ್ಟು ಸಲೀಸಾಗಿ ಒಪ್ಪಿಕೊಂಡದ್ದು ನೋಡಿ ಹೊರಡಲು ತಿರುಗಿದ. ಆಮೇಲೆ ಹೇಳಿದ: "ಸರಿ. ಇನ್ಮೇಲೆ ನೀನು ಹೇಳೋ ಅಂಕೆ ನನಗೆ ಬೇಕಾಗಿಲ್ಲ. ನಾಯಿ ಬೊಗಳಿದ್ರೂ ಅದಕ್ಕಿಂತ ಹೆಚ್ಚು ನಂಬ್ತೀನಿ."

ಅವನು ಹೋದ ಮೇಲೆ ಅವಳು ನನ್ನ ಕಡೆ ತಿರುಗಿ, ನೀನೂ ಏನಾದರೂ ಹೇಳಬೇಕಾ ರೋಲಿ ಅಂತ ಕೇಳಿದಳು. ನಾನು, ಮರಕ್ಕೆ ಹುಲ್ಲು ಸಮವಾಯಿತಾ ಅಂದೆ. ಇಲ್ಲ ಅಂದಳು. ಅಷ್ಟೇ.

ಎರಡನೇ ಕೊಯ್ಲಿನ ಹೊತ್ತಿಗೆ ಹವೆ ಕೆಟ್ಟಿತು. ಮೂರು ದಿನ ಒಣಗಬೇಕಾದ ಹುಲ್ಲಿಗೆ ಒಂದೂವರೆ ದಿನ ಬಿಸಿಲು ಸಿಕ್ಕರೆ ಪುಣ್ಯ ಅನ್ನುವ ಹಾಗೆ ಮೋಡ ಬಂದು ಬಂದು ಹೋಗುತ್ತಿತ್ತು. ಎಲ್ಲರ ಕೊಟ್ಟಿಗೆಯಲ್ಲೂ ಹುಲ್ಲು ಕಡಿಮೆ. ಗೇಲೆನ್ ಮಳೆಗೆ ಮುಂಚೆ ಹೇಗೋ ತನ್ನ ದೊಡ್ಡ ಹೊಲದ ಕುದುರೆಮಸಾಲೆ ಅನ್ನುವ ಮೇವಿನ ಸೊಪ್ಪನ್ನೆಲ್ಲ ಪೆಂಡಿ ಕಟ್ಟಿ ಮುಗಿಸಿದ. ಈ ಸಲ ಅವನ ಕೈಯಲ್ಲಿ ಅಂಗಡಿಯಿಂದ ತಂದ ಹೊಸ ಸಾಧನವಿತ್ತು. ಉದ್ದನೆಯ ಸರಳು, ತುದಿಯಲ್ಲಿ ಮೊನೆ, ಹಿಡಿಯ ಮೇಲೆ ಅಂಕೆ ತೋರಿಸುವ ಗಾಜು. ಪೆಂಡಿಗೆ ಚುಚ್ಚಿದರೆ ತೇವ ಎಷ್ಟು ಅಂತ ತಾನೇ ಹೇಳುತ್ತದೆ. ಒಲೆ ಬೇಡ, ತೂಕ ಬೇಡ, ಅಕ್ಕ ಬೇಡ.

ಅವನು ಒಂದರ ಹಿಂದೊಂದು ಗಾಡಿ ತಂದು ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದ. ಟ್ರ್ಯಾಕ್ಟರಿನಿಂದ ಇಳಿದು ಸರಳು ಚುಚ್ಚಿದ. ಅವಳಿಗೆ ಕೇಳಲಿ ಅಂತ ಜೋರಾಗಿ "ಹದಿನೇಳು" ಅಂದ.

ಮಾರ್ಲಿಸ್ ತನ್ನ ಡ್ರಿಲ್ ತೆಗೆದುಕೊಂಡು ಬಂದಳು. ಅವನು ಅಡ್ಡ ಬರಲಿಲ್ಲ, ಸಿಗರೇಟು ಹಚ್ಚಿದ. ನಾನು ಅಡುಗೆಮನೆಯಲ್ಲೇ ಇದ್ದೆ. ಅವಳು ಮೊದಲ ಸಲ ಮಾಡಿದಾಗ ಇಪ್ಪತ್ತಾರೂವರೆ ಬಂತು. ಬೇರೆ ಪೆಂಡಿಗಳಿಂದ ಹುಲ್ಲು ತಂದು ಮತ್ತೆ ಮಾಡಿದಳು. ಇಪ್ಪತ್ತೇಳು. ಕುರ್ಚಿಯ ಮೇಲೆ ಕೂತು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಳು. ಆಮೇಲೆ ನನಗೆ, ಕೈ ತೊಳೆದುಕೊಂಡು ಬಾ, ಈ ಸಲ ನೀನು ಮಾಡು ಅಂದಳು.

ನಾನೇ ಗಾಡಿಯ ಹತ್ತಿರ ಹೋಗಿ ಹುಲ್ಲು ತೆಗೆದೆ. ಎಲೆ ಮುಟ್ಟಿದರೆ ಪುಡಿಯಾಗುತ್ತಿತ್ತು. ದಂಟನ್ನು ಉಗುರಿನಿಂದ ಒತ್ತಿದರೆ ಮಾತ್ರ ಒಳಗೆ ಹಸಿರು ಪಸೆ ಇನ್ನೂ ಇತ್ತು. ಮೇಲೆ ಒಣಗಿದ ಎಲೆ ಮೊನೆಗೆ ತಾಗಿ ಅವನ ಸರಳು ಮೋಸ ಹೋಗಿತ್ತು ಅಂತ ನನಗನ್ನಿಸಿತು. ಕತ್ತರಿಸಿದೆ, ತೂಗಿದೆ, ಒಲೆಗಿಟ್ಟೆ. ಹಸಿ ಹುಲ್ಲು ಬೇಯುವ ವಾಸನೆ ಅಡುಗೆಮನೆಯೆಲ್ಲ ತುಂಬಿತು. ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ತೂಕ ಇಳಿಯುವುದು ನಿಂತಾಗ ತಟ್ಟೆಯಲ್ಲಿ ಎಪ್ಪತ್ತಮೂರು ಗ್ರಾಂ ಇತ್ತು.

ನಾನು ಹೊರಗೆ ಹೋಗಿ ಹೇಳಿದೆ. "ಗೇಲೆನ್, ನಾನೇ ಮಾಡಿದ್ದು. ಇಪ್ಪತ್ತೇಳು. ಇದು ಅಟ್ಟಕ್ಕೆ ಹೋಗೋ ಹುಲ್ಲಲ್ಲ ಮಾರಾಯ."

"ನೀನು ಅವಳ ಕಾಫಿ ಕುಡಿಯೋನು," ಅಂದ ಅವನು.

"ನಿನ್ನ ಕಾಫಿನೂ ಕುಡಿದಿದ್ದೀನಿ. ದಂಟು ಮುರಿದು ನೋಡು."

ಅವನು ನೋಡಲಿಲ್ಲ. ನನ್ನನ್ನು ಬಿಟ್ಟು ಮೆಟ್ಟಿಲ ಮೇಲೆ ನಿಂತಿದ್ದ ಅಕ್ಕನ ಕಡೆ ಮುಖ ಮಾಡಿದ. ಮಾತು ನಿಧಾನವಾಗಿ, ಸ್ಪಷ್ಟವಾಗಿ ಬಂತು. "ಅಪ್ಪ ಹೇಳಿದ ಹುಲ್ಲು ತಂದಿದ್ದೀನಿ. ಬೇಡ ಅಂದ್ರೆ ಬೇಡ ಅನ್ನು. ಶೆರ್ರಿ ಎಲ್ಲಾನೂ ತಗೋತಾಳೆ. ನಿನ್ನ ದನಗಳಿಗೆ ಚಳಿಗಾಲದಲ್ಲಿ ಆ ಡಬ್ಬ ಬೇಯಿಸಿ ಹಾಕು."

ಈ ವರ್ಷ ಹುಲ್ಲು ಬೇರೆಲ್ಲೂ ಸಿಗುವುದಿಲ್ಲ ಅನ್ನುವುದು ಅವಳಿಗೆ ಗೊತ್ತಿತ್ತು. ಆದರೂ ಬೇಡ ಅನ್ನಬಹುದಿತ್ತು. ಗಾಡಿಯಲ್ಲೇ ಇನ್ನೆರಡು ದಿನ ಬಿಚ್ಚಿಡು ಅನ್ನಬಹುದಿತ್ತು. ಆದರೆ ಅದನ್ನು ಹೇಳಿದರೆ ಬೇಡಿಕೊಂಡ ಹಾಗೆ ಕೇಳಿಸುತ್ತಿತ್ತು.

"ಹಾಕು," ಅಂದಳು. "ಒಂದೂ ಬಿಡದೆ ಹಾಕು. ನಿನ್ನ ಕೈಯಿಂದಲೇ ಹಾಕು."

ನಾನು ಬೇಡ ಮಾರ್ಲಿಸ್ ಅಂದೆ. ಅವಳು ನನ್ನ ಮೇಲೆ ಹರಿಹಾಯ್ದಳು, ಹಾಲು ಏರಿದೆ, ನಿನ್ನ ಕೆಲಸ ಮುಗಿದಿದೆ, ಹೊರಡು ಅಂದಳು. ಸರಪಳಿ ಯಂತ್ರ ಚಾಲೂ ಆಯಿತು. ಪೆಂಡಿಗಳು ಒಂದರ ಹಿಂದೊಂದು ದನಗಳ ತಲೆಯ ಮೇಲಿನ ಅಟ್ಟಕ್ಕೆ ಏರತೊಡಗಿದವು. ನಾನು ಟ್ಯಾಂಕರ್ ತಿರುಗಿಸುವಾಗ ಅವನು ಕೆಳಗೆ ಪೆಂಡಿ ಎತ್ತಿಡುತ್ತಿದ್ದ, ಅವಳು ಮೇಲೆ ನಿಂತು ಅದನ್ನೇ ಜೋಡಿಸುತ್ತಿದ್ದಳು. ಇಬ್ಬರೂ ಒಂದೇ ಕೆಲಸದಲ್ಲಿ ಹೀಗೆ ಕೈ ಹಚ್ಚಿದ್ದನ್ನು ನಾನು ಅವರಪ್ಪ ಇದ್ದಾಗ ನೋಡಿದ್ದು.

ಅದಾದ ಮೇಲೆ ಅವಳು ದಿನಾ ಅಟ್ಟಕ್ಕೆ ಹೋಗಿ ಹುಲ್ಲಿನ ರಾಶಿಯೊಳಗೆ ಕಬ್ಬಿಣದ ಕೊಳವೆ ಇಳಿಸಿ, ಅದರೊಳಗೆ ದಾರ ಕಟ್ಟಿದ ಉಷ್ಣಮಾಪಕ ಬಿಟ್ಟು ನೋಡುತ್ತಿದ್ದಳು. ನಾನು ಹೋದಾಗಲೆಲ್ಲ ಕೇಳುತ್ತಿದ್ದೆ, ಅವಳು ಹೇಳುತ್ತಿದ್ದಳು. ಮೊದಲು ಮೈ ಬಿಸಿಯಷ್ಟು. ಆಮೇಲೆ ಸ್ನಾನದ ನೀರಿನಷ್ಟು. ಒಂದು ವಾರ ಕಳೆಯುವಷ್ಟರಲ್ಲಿ ಕೊಳವೆಯ ತುದಿಗೆ ಕೈ ತಾಗಿಸಲು ಆಗುತ್ತಿರಲಿಲ್ಲ. ಈಗಲಾದರೂ ರಾಶಿ ಕೆಡವಿ ಹೊರಗೆ ಹಾಕಬೇಕು, ಒಬ್ಬಳ ಕೈಲಿ ಆಗುವುದಲ್ಲ, ಗೇಲೆನ್‌ನ ಕರಿ ಅಂದೆ.

"ಅವನು ಬಂದು ಕೇಳಲಿ," ಅಂದಳು.

"ಏನಂತ ಕೇಳ್ಬೇಕು?"

"ಎಷ್ಟು ಅಂತ."

ನಾನು ರಸ್ತೆ ದಾಟಿ ಗೇಲೆನ್‌ಗೆ ಹೇಳಿದೆ. ಅವನು ಯಂತ್ರದ ಕೆಳಗೆ ಮಲಗಿ ಏನೋ ಬಿಗಿ ಮಾಡುತ್ತಿದ್ದ. ಹೊಸ ಹುಲ್ಲು ಬೆವರುವುದು ಸಹಜ, ಅಪ್ಪನ ಕಾಲದಲ್ಲೂ ಬೆವರುತ್ತಿತ್ತು, ಆಗ ಯಾರೂ ಉಷ್ಣಮಾಪಕ ಇಡುತ್ತಿರಲಿಲ್ಲ ಅಂದ. ಅವಳು ಕಳಿಸಿದಳಾ ಅಂತ ಕೇಳಿದ. ಇಲ್ಲ ಅಂದೆ. ಹಾಗಾದರೆ ಬಿಡು ಅಂದ. ಅವನ ದನಿಯಲ್ಲಿ ಅಳುಕು ಇತ್ತು, ನನಗೆ ಕೇಳಿಸಿತು. ಅವಳು ಒಂದು ಸಲ ರಸ್ತೆಯಂಚಿಗೆ ಬಂದು ಕೈ ಮಾಡಿದ್ದರೂ ಅವನು ಓಡಿ ಬರುತ್ತಿದ್ದ. ಅವನು ಒಂದು ಸಲ ಅಂಗಳಕ್ಕೆ ಕಾಲಿಟ್ಟಿದ್ದರೂ ಅವಳು ಏಣಿ ಹಿಡಿಯುತ್ತಿದ್ದಳು. ಇಬ್ಬರೂ ಕಿಟಕಿಯಿಂದ ನೋಡುತ್ತ ಕೂತರು.

ಮುಂದಿನ ಸಲ ನಾನು ಅಂಗಳಕ್ಕೆ ತಿರುಗಿದಾಗಲೇ ಕಾದ ಹುಲ್ಲಿನ, ಬೆಲ್ಲ ಸೀದಂಥ ವಾಸನೆ ಮೂಗಿಗೆ ಬಡಿಯಿತು. ಟ್ಯಾಂಕರಿನ ಕಿಟಕಿ ಮುಚ್ಚಿದ್ದರೂ ಬಂತು. ಮಾರ್ಲಿಸ್ ಅಟ್ಟದ ಏಣಿಯ ಕೆಳಗೆ ನಿಂತಿದ್ದಳು, ಕೈಯಲ್ಲಿ ಉಷ್ಣಮಾಪಕ. ಕೆಂಪು ಗೆರೆ ಎಲ್ಲಿಯವರೆಗೆ ಏರಬಾರದು ಅಂತ ಅವಳು ಗುರುತು ಮಾಡಿದ್ದಳೋ ಅದನ್ನು ದಾಟಿತ್ತು.

"ಗೇಲೆನ್‌ಗೆ ಫೋನ್ ಮಾಡ್ಲಾ?"

"ಬೆಂಕಿಪಡೆಗೆ ಮಾಡು."

"ಅವನಿಗೆ?"

"ಅವನಿಗೆ ಹೊಗೆ ಕಾಣತ್ತೆ," ಅಂದಳು, ಮತ್ತು ದನಗಳ ಕೊರಳ ಪಟ್ಟಿ ಬಿಚ್ಚಲು ಓಡಿದಳು.

ಹೊಗೆ ಇನ್ನೂ ಇರಲೇ ಇಲ್ಲ. ಆದರೂ ದನಗಳು ಹೊರಗೆ ಬರುವುದು ಕಂಡು ಗೇಲೆನ್ ಏನಾಯಿತೆಂದು ತಿಳಿದುಕೊಂಡ. ತನ್ನ ಹುಲ್ಲುಗಾವಲಿನ ಗೇಟು ತಾನೇ ತೆರೆದು, ರಸ್ತೆಯಲ್ಲಿ ನಿಂತು, ಬರುವ ಗಾಡಿಗಳನ್ನು ನಿಲ್ಲಿಸಿ ದನಗಳನ್ನು ಒಳಗೆ ಹಾಕಿಕೊಂಡ. ಅಕ್ಕ ಅಟ್ಟಿದಳು, ತಮ್ಮ ಹಿಡಿದ, ಒಂದೂ ತಪ್ಪಲಿಲ್ಲ. ಅಷ್ಟರಲ್ಲಿ ಬೆಂಕಿಪಡೆಯ ಗಾಡಿ ಬಂತು. ಅವರೆಲ್ಲ ನಮ್ಮವರೇ, ಅವರವರ ಕೆಲಸ ಬಿಟ್ಟು ಬಂದವರು. ಅವರ ಮುಖ್ಯಸ್ಥ, ಮೇಲೆ ಹಲಗೆ ಹಾಸದೆ, ಸೊಂಟಕ್ಕೆ ಹಗ್ಗ ಕಟ್ಟದೆ ಯಾರೂ ಹುಲ್ಲಿನ ಮೇಲೆ ಕಾಲಿಡಬಾರದು, ಒಳಗೆ ಉರಿದು ಪೊಳ್ಳಾಗಿರುತ್ತದೆ ಅಂತ ಹೇಳುತ್ತಿದ್ದ.

ಹೇಳುತ್ತಿದ್ದ ಹಾಗೇ ಗೇಲೆನ್ ಏಣಿ ಹತ್ತಿ ಹೋದ. ನನ್ನ ಹುಲ್ಲು, ನಾನು ಜೋಡಿಸಿದ್ದು ಅನ್ನುತ್ತ ಹೋದ. ಜೋಡಿಸಿದ್ದು ಅವಳು. ಅವಳು ಬೈಯುತ್ತ ಅವನ ಹಿಂದೆಯೇ ಹತ್ತಿದಳು, ಅವಳ ಹಿಂದೆ ನಾನು. ಅವನು ರಾಶಿಯ ಮೇಲೆ ಎರಡು ಹೆಜ್ಜೆ ಇಟ್ಟಿದ್ದ. ಮೂರನೆಯದಕ್ಕೆ ಬಲಗಾಲು ತೊಡೆಯ ತನಕ ಒಳಗೆ ಹೋಯಿತು.

ಅವನು ಕೂಗಿದ್ದು ನೋವಿಗಿಂತ ಹೆಚ್ಚು ಆಶ್ಚರ್ಯದಿಂದ. ಮಾರ್ಲಿಸ್ ಅಟ್ಟದ ಅಂಚಿನ ಹಲಗೆಯ ಮೇಲೆ ಮೊಣಕಾಲೂರಿ ಅವನ ಅಂಗಿಯ ಕೊರಳಪಟ್ಟಿ ಹಿಡಿದಳು. ಕೈ ಬಿಡು, ನಾನೇ ಬರ್ತೀನಿ ಅಂತ ಅವನು ಹಲ್ಲು ಕಚ್ಚಿ ಹೇಳಿದ. ಮುಚ್ಚೋ ಬಾಯಿ ಅಂದಳು ಅವಳು. ನಾವಿಬ್ಬರೂ ಸೇರಿ ಎಳೆದೆವು. ಕಾಲು ಹೊರಗೆ ಬಂದಾಗ ಬೂಟು ಬರಲಿಲ್ಲ. ಪ್ಯಾಂಟು ಎಲ್ಲಿ, ಚರ್ಮ ಎಲ್ಲಿ ಅಂತ ತಿಳಿಯುತ್ತಿರಲಿಲ್ಲ. ಅವನ ಕಾಲು ಬಿಟ್ಟ ತೂತಿನಿಂದ ಒಳಗೆ ಗಾಳಿ ಹೋಯಿತು, ಅಲ್ಲಿಂದ ಮೊದಲು ಒಂದು ನಿಟ್ಟುಸಿರಿನಂಥ ಸದ್ದು, ಹಿಂದೆಯೇ ಬೆಂಕಿ. ನಾವು ಅವನನ್ನು ಏಣಿಯಿಂದ ಇಳಿಸಿದೆವೋ ಬೀಳಿಸಿದೆವೋ ಈಗಲೂ ನೆನಪಿಲ್ಲ.

ಮಧ್ಯಾಹ್ನದೊಳಗೆ ಕೊಟ್ಟಿಗೆ ನೆಲಸಮವಾಯಿತು. ಅವರಜ್ಜ ಕಟ್ಟಿದ್ದು. ಮಾರ್ಲಿಸ್‌ಳ ಪಿಕಪ್ ಗಾಡಿಯೂ ಗೋಡೆಯ ಪಕ್ಕದಲ್ಲೇ ಸುಟ್ಟಿತು. ಮನೆ ಉಳಿಯಿತು, ದನಗಳು ಉಳಿದವು. ಸಂಜೆ ಹಾಲು ಕರೆಯುವ ಹೊತ್ತಾಯಿತು ಅಂತ ಅವು ರಸ್ತೆಯಾಚೆ ಬೇಲಿಗೆ ಒತ್ತಿಕೊಂಡು ನಿಂತು ಕೂಗಿದಾಗ ಮಾರ್ಲಿಸ್ ಮೊದಲ ಸಲ ಅತ್ತಳು.

ವಿಮೆಯವನು ಬಂದು ಬೂದಿಯ ನಡುವೆ ಓಡಾಡಿ ಎಲ್ಲರನ್ನೂ ಕೇಳಿದ. ಗೇಲೆನ್‌ನ ಸರಳಿನ ಕತೆ ಅವನಿಗೆ ಆಗಲೇ ಯಾರೋ ಹೇಳಿದ್ದರು. ತಮ್ಮ ಒತ್ತಾಯ ಮಾಡಿ ಹಾಕಿದ ಅಂತ ಮಾರ್ಲಿಸ್ ಒಂದು ಮಾತು ಹೇಳಿದ್ದರೆ ತಪ್ಪೆಲ್ಲ ಅವನ ಮೇಲೆ ಹೋಗುತ್ತಿತ್ತು. ಅವಳು ಹಾಗೆ ಹೇಳಲಿಲ್ಲ. ನಾನೇ ಅಳತೆ ಮಾಡಿದೆ, ಇಪ್ಪತ್ತೇಳು ಅಂತ ಗೊತ್ತಿತ್ತು, ಹಾಕು ಅಂತ ನಾನೇ ಹೇಳಿದೆ ಅಂದಳು. ಅವನು ಬರೆಯುವುದನ್ನು ನಿಲ್ಲಿಸಿ, ಹೀಗೆ ಹೇಳಿದರೆ ನಿಮಗೆ ಬರಬೇಕಾದ್ದರಲ್ಲಿ ಬಹಳಷ್ಟು ಬರುವುದಿಲ್ಲ ಅಂತ ಸೂಕ್ಷ್ಮವಾಗಿ ತಿಳಿಸಿದ. ಕಿವಿ ಕೇಳಿಸುತ್ತದೆ ತಾನೇ, ಬರೆದುಕೊ ಅಂದಳು.

ಈ ಸುದ್ದಿ ಆಸ್ಪತ್ರೆಯಲ್ಲಿದ್ದ ಗೇಲೆನ್‌ಗೆ ಹೋಯಿತು. ಅವನು ಅಲ್ಲಿಂದ ಅವಳಿಗೆ ಫೋನ್ ಮಾಡಿದ. ಏನು ಹೇಳಿದನೋ, ಅವಳು ನನ್ನ ಹತ್ತಿರ ಬಂದು, ನನ್ನನ್ನು ಆಸ್ಪತ್ರೆಗೆ ಬಿಡು ಅಂದಳು. ಹೂವಿಲ್ಲ, ತಿಂಡಿಯಿಲ್ಲ, ಬರಿಗೈ.

ಅವನು ಕಾಲಿಗೆ ಬಟ್ಟೆ ಸುತ್ತಿಸಿಕೊಂಡು ದಿಂಬಿಗೆ ಒರಗಿದ್ದ. ಮುಖ ಸೊರಗಿತ್ತು, ಆದರೆ ಸಿಟ್ಟು ಹಾಗೇ ಇತ್ತು. ನಾನು ಹೊರಗೆ ಹೋಗಲು ತಿರುಗಿದೆ. ಇರು ರೋಲಿ, ಇವಳು ನಾಳೆ ಬೇರೇನಾದರೂ ಹೇಳಿದರೆ ಸಾಕ್ಷಿ ಬೇಕು ಅಂದ.

"ನನ್ನ ಮೇಲೆ ದಯೆ ತೋರಿಸೋಕೆ ನಿನಗೆ ಯಾರು ಹೇಳಿದ್ದು?" ಅಂತ ಶುರು ಮಾಡಿದ.

"ದಯೆಯಲ್ಲ. ಅಟ್ಟದ ಬಾಗಿಲು ನಂದು. ತೆಗೆದಿದ್ದು ನಾನು."

"ನಾನು ಹಟ ಮಾಡಿದ್ದಕ್ಕೆ ತೆಗೆದೆ."

"ನಿನ್ನ ಹಟಕ್ಕೆ ನಾನು ಯಾವತ್ತು ಏನು ತೆಗೆದಿದ್ದೀನಿ? ನನ್ನ ಹಟಕ್ಕೆ ತೆಗೆದೆ." ಅವಳು ಮಂಚದ ಕಂಬಿ ಹಿಡಿದುಕೊಂಡಳು. "ಮೊದಲ ಗಾಡಿಗೆ ಸುಳ್ಳು ಹೇಳಿದೆ. ಅದಕ್ಕೆ ನನಗೆ ನಾಚಿಕೆಯಿದೆ. ನಿನ್ನೆದುರಿಗಲ್ಲ. ಆ ದನಗಳೆದುರಿಗೆ."

"ನನಗೆ ಮರ ಕಡಿಸಿದ್ದಕ್ಕೆ ನಾಚಿಕೆಯಿಲ್ಲ."

"ಗೊತ್ತು."

"ಏನು ಗೊತ್ತು ನಿನಗೆ? ಅವು ಒಳಗೆ ಸತ್ತಿದ್ವು ಮಾರ್ಲಿಸ್. ನಿನ್ನ ಕಿಟಕಿಯಿಂದ ಹಸಿರು ಕಾಣ್ತಿತ್ತು, ನನ್ನ ಕಡೆಯಿಂದ ನೋಡಿದ್ರೆ ಅರ್ಧಕ್ಕರ್ಧ ಬೋಳು. ರೋಗ ಹತ್ತಿ ಮೂರು ವರ್ಷ ಆಗಿತ್ತು. ಅಮ್ಮ ನೆಟ್ಟಾಗ ನೀರು ಹೊತ್ತಿದ್ದು ನಾನು. ನೀನು ಆಗ ಮ್ಯಾಡಿಸನ್‌ನಲ್ಲಿ ಓದ್ತಿದ್ದೆ."

ಮಾರ್ಲಿಸ್ ಕಂಬಿಯಿಂದ ಕೈ ತೆಗೆದಳು. ಆಮೇಲೆ ಕೇಳಿದಳು: "ಎಲ್ಲಾ ಸತ್ತಿದ್ವಾ?"

ಅವನು ಕಿಟಕಿ ಕಡೆ ನೋಡಿದ. "ಎಲ್ಲಾ ಅಲ್ಲ."

"ಹೇಳಬಹುದಿತ್ತು."

"ಯಾರಿಗೆ?" ಅಂದ ಅವನು. "ಯಾರಿಗೆ ಹೇಳ್ಲಿ? ನೀನು ಅಂಗಳದ ಹತ್ತಿರ ಮಾತಾಡ್ತಿದ್ದೆ."

ಅಲ್ಲಿಂದ ಅದು ಬೆಳೆಯಿತು. ಅಪ್ಪ ಹೊಲ ಕೊಟ್ಟದ್ದು, ಅಮ್ಮನನ್ನು ಕೊನೆಯ ವರ್ಷ ನೋಡಿಕೊಂಡವರು ಯಾರು, ಅವನ ಹೆಂಡತಿಗೆ ಅವಳು ಬುದ್ಧಿವಂತೆ ಅಂದದ್ದು, ಅವನು ಮೀನಿನ ಹೋಟೆಲಿನಲ್ಲಿ ಅವಳ ಮದುವೆ ಬಗ್ಗೆ ಅಂದದ್ದು, ಹೂವಿನ ಪಾತಿ, ಅವಳು ಕೊಟ್ಟ ಗೊಬ್ಬರದಲ್ಲಿ ಬರುತ್ತಿದ್ದ ಕಲ್ಲು. ಇಷ್ಟು ವರ್ಷ ಅಂಕೆಯಾಗಿ ಬರುತ್ತಿದ್ದದ್ದೆಲ್ಲ ಒಂದೇ ಸಲ ಮಾತಾಗಿ ಬಂತು. ನರ್ಸ್ ಎರಡು ಸಲ ಬಂದು ಬಾಗಿಲು ಮುಚ್ಚಿ ಹೋದಳು. ಕ್ಷಮಿಸು ಅನ್ನುವ ಮಾತು ಇಬ್ಬರ ಬಾಯಿಂದಲೂ ಬರಲಿಲ್ಲ. ಬರುತ್ತದೆ ಅಂತ ನಾನೂ ಕಾಯಲಿಲ್ಲ. ಕೊನೆಗೆ ಅವಳು ಉಸಿರು ಸಾಲದೆ ಕುರ್ಚಿಯ ಮೇಲೆ ಕೂತಳು. ಅವನು ತನ್ನ ಊಟದ ತಟ್ಟೆಯಲ್ಲಿ ಮುಟ್ಟದೆ ಬಿಟ್ಟಿದ್ದ ಬ್ರೆಡ್ಡನ್ನು ಅವಳ ಕಡೆ ನೂಕಿ, ಇಲ್ಲಿನ ಅಡುಗೆ ಹಂದಿಯೂ ಮೂಸುವುದಿಲ್ಲ ಅಂದ. ಅವಳು ತಿಂದಳು, ಹೌದು ಅಂದಳು.

ಹೊರಡುವಾಗ ದನಗಳನ್ನು ಏನು ಮಾಡುತ್ತೀಯ ಅಂತ ಅವನು ಕೇಳಿದ. ಮಾರುತ್ತೇನೆ ಅಂದಳು. ಎಲ್ಲವನ್ನೂ ಮಾರಿದರೆ ನೀನು ಹುಚ್ಚಿ, ನನ್ನ ಯಂತ್ರದ ಶೆಡ್ಡು ಚಳಿಗಾಲಕ್ಕೆ ಖಾಲಿಯಿದೆ ಅಂದ. ನಿನ್ನ ಶೆಡ್ಡಿಗೆ ಸೂರು ಸರಿಯಿಲ್ಲ ಅಂದಳು. ಸೂರು ಸರಿಯಿಲ್ಲ ಅಂತ ರಸ್ತೆಯಾಚೆ ಕೂತು ನಿನಗೆ ಹೇಗೆ ಗೊತ್ತು ಅಂದ.

ಹೆಚ್ಚಿನ ದನಗಳನ್ನು ಮಾರಿದಳು. ಹರಾಜಿನ ದಿನ ಅವನು ಊರುಗೋಲಿನ ಮೇಲೆ ಬಂದು ನಿಂತು, ಯಾವುದನ್ನು ಇಟ್ಟುಕೊಳ್ಳಬೇಕು ಅನ್ನುವುದಕ್ಕೆ ಅವಳ ಜೊತೆ ಜನರೆದುರಿಗೇ ಕಚ್ಚಾಡಿದ. ಉಳಿದ ಹತ್ತು ಹನ್ನೆರಡು ಈಗ ಅವನ ಶೆಡ್ಡಿನಲ್ಲಿವೆ. ನನ್ನ ಟ್ಯಾಂಕರ್ ಈಗ ಆಚೆ ಬದಿಗೆ ತಿರುಗುತ್ತದೆ. ಬಲಗಾಲು ಅವನಿಗೆ ಮೊದಲಿನಂತೆ ಮಡಚಲು ಬರುವುದಿಲ್ಲ, ಏಣಿಯ ಕೆಲಸವೆಲ್ಲ ಅವಳದು. ಅವನು ಕೆಳಗೆ ನಿಂತು ಹೇಗೆ ಹತ್ತಬೇಕು ಅಂತ ಹೇಳುತ್ತಾನೆ, ಅವಳು ಮೇಲಿಂದ ಬೈಯುತ್ತಾಳೆ.

ಪಾದ್ರಿ ಮೊನ್ನೆ ನನ್ನನ್ನು ತಡೆದು ನಿಲ್ಲಿಸಿ, ಬ್ರೆಕ್ಕೆಯವರು ರಾಜಿಯಾದರಂತೆ, ದೇವರು ದೊಡ್ಡವನು ಅಂದರು. ನಾನು ಇಲ್ಲ ಅಂದೆ. ರಾಜಿಯಾಗಿಲ್ಲ, ಜಗಳವಾಡುತ್ತಾರೆ. ಬೆಳಿಗ್ಗೆ ಶೆಡ್ಡಿನ ಬಾಗಿಲು ತೆರೆಯುವ ಹೊತ್ತಿಗೆ ಶುರುವಾದರೆ ಸಂಜೆ ಹಾಲು ಕರೆದು ಮುಗಿಯುವ ತನಕ ಆಡುತ್ತಾರೆ. ಬಂದು ಕೇಳಿ ಬೇಕಾದರೆ, ರಸ್ತೆಯವರೆಗೂ ಕೇಳಿಸುತ್ತದೆ ಅಂದೆ.